ಮಾತ್ರೆ ಬದಲಾಗುವ ಮುನ್ನ ಒಂದು ಮಾತು

(ಬಾನುಲಿ ಭಾಷಣ)

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗಾದೆ ಕಟ್ಟಿದವರು ಯಾವ ಕಾಯಿಲೆಯನ್ನು ನೆನೆದು ಹೀಗೆ ಹೇಳಿದರೋ. ನಾಲ್ಕು ದಿನ ಬಂದು ಹೋಗುವ ಜ್ವರವೇ ಇದ್ದಿರಬೇಕು. ಇಪ್ಪತ್ತು ಮೂವತ್ತು ವರ್ಷ, ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕಾದ ಕಾಯಿಲೆಯಲ್ಲಿ ಇಬ್ಬರ ಬಯಕೆಯೂ ಹೀಗೆ ತಾನಾಗಿ ಕೂಡಿಬರುವುದು ಅಪರೂಪ. ಕೂಡಿಬರಬೇಕಾದರೆ ಇಬ್ಬರೂ ಬಾಯಿ ಬಿಟ್ಟು ಮಾತನಾಡಬೇಕು. ಆ ಮಾತಿನ ವಿಷಯವಾಗಿಯೇ ಈ ಹೊತ್ತು ಕೆಲವು ವಿಚಾರಗಳನ್ನು ನಿಮ್ಮ ಮುಂದಿಡುತ್ತೇನೆ.

ನಾನು ಎತ್ತಿಕೊಂಡಿರುವ ಕಾಯಿಲೆ ಎಚ್.ಐ.ವಿ. ಸೋಂಕು. ಹೆಸರು ಕೇಳಿದೊಡನೆ ಕೆಲವರು ರೇಡಿಯೋದ ದನಿಯನ್ನು ತಗ್ಗಿಸಿಯಾರು. ಹಾಗೆ ತಗ್ಗಿಸಬೇಕಾದ ಕಾರಣ ಈಗ ಉಳಿದಿಲ್ಲ. ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾಕ್ಟರ್ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ಕಲೆಹಾಕಿದ ರಕ್ತದ ಮಾದರಿಗಳಲ್ಲಿ. ಆಗ ಇದಕ್ಕೆ ಔಷಧವಿರಲಿಲ್ಲ. ಇಂದು ಔಷಧವನ್ನು ಕ್ರಮವಾಗಿ ಸೇವಿಸುವವರು ಹೆಚ್ಚುಕಡಮೆ ಉಳಿದೆಲ್ಲರಷ್ಟೇ ಕಾಲ ಬಾಳುತ್ತಾರೆ. ಅವರ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಪರೀಕ್ಷೆಗೂ ಸಿಕ್ಕದಷ್ಟು ಇಳಿದು ನಿಂತರೆ, ಅವರ ಪತಿಗಾಗಲಿ ಪತ್ನಿಗಾಗಲಿ ದೇಹಸಂಪರ್ಕದಿಂದ ಸೋಂಕು ತಗಲುವುದಿಲ್ಲ. ಮಕ್ಕಳನ್ನು ಪಡೆಯುತ್ತಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ನಿಮ್ಮ ಬೀದಿಯಲ್ಲೇ ಅಂಥವರೊಬ್ಬರು ಇದ್ದಾರು; ನಿಮಗೆ ಗೊತ್ತಿರಬೇಕಾದ ಅಗತ್ಯವೇನೂ ಇಲ್ಲ.

ಜಿಲ್ಲಾ ಕೇಂದ್ರವೊಂದರಲ್ಲಿ, ಎ.ಆರ್.ಟಿ. ಕೇಂದ್ರವೆಂದು ಜನ ಕರೆಯುವ ಸರ್ಕಾರಿ ಚಿಕಿತ್ಸಾ ಕೇಂದ್ರದಲ್ಲಿ, ಹಲವು ವರ್ಷ ವೈದ್ಯನಾಗಿ ಕುಳಿತವನು ನಾನು. ಅಲ್ಲಿ ನಾನು ಕಂಡ ಒಂದು ಸಂಗತಿಯೆಂದರೆ, ಈ ಚಿಕಿತ್ಸೆಯಲ್ಲಿ ಅತ್ಯಂತ ಕಷ್ಟದ ಗಳಿಗೆ ಮಾತ್ರೆಯನ್ನು ಮೊದಲು ಆರಂಭಿಸುವ ಗಳಿಗೆಯಲ್ಲ, ಇದ್ದ ಮಾತ್ರೆಯನ್ನು ಬದಲಿಸುವ ಗಳಿಗೆ. ಬದಲಿಸಬೇಕೆಂದು ರೋಗಿಗೆ ಅನಿಸಿದಾಗ ಹೇಳಲು ಅಂಜಿಕೆ. ವೈದ್ಯನಿಗೆ ಅನಿಸಿದಾಗ ವಿವರಿಸಲು ಪುರುಸೊತ್ತಿಲ್ಲ. ನಡುವೆ ಮೌನ ಬೆಳೆಯುತ್ತದೆ. ಆ ಮೌನದಿಂದ ವೈರಸ್ಸಿಗೆ ಹೇಗೆ ಲಾಭವಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಔಷಧ ಕೆಲಸ ಮಾಡುವ ಬಗೆಯನ್ನು ಕೊಂಚ ಬಿಡಿಸಿ ನೋಡಬೇಕು.

ಸಾಹಿತ್ಯಪ್ರಿಯರಾದ ನಿಮಗೆ ಓಲೆಗರಿಯ ಹೋಲಿಕೆ ಹಿಡಿಸೀತು. ಹಳೆಯ ಕಾವ್ಯವೊಂದನ್ನು ಲಿಪಿಕಾರರು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡಿದಂತೆಲ್ಲ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪಿ ಪಾಠಾಂತರಗಳು ಹುಟ್ಟುತ್ತವೆ. ಎಚ್.ಐ.ವಿ. ನಮ್ಮ ರಕ್ತದಲ್ಲಿರುವ ಸಿ.ಡಿ.4 ಎಂಬ ಬಿಳಿಯ ಕಣಗಳನ್ನು ಹೊಕ್ಕು ತನ್ನ ವಂಶದ ಓಲೆಯನ್ನು ಅಲ್ಲಿ ನಕಲು ಮಾಡುತ್ತದೆ. ಆ ಓಲೆಯಲ್ಲಿರುವುದು ಹೆಚ್ಚುಕಡಮೆ ಹತ್ತು ಸಾವಿರ ಅಕ್ಷರ. ನಕಲು ಮಾಡುವ ಕಿಣ್ವವೋ ಬಲು ಅಜಾಗರೂಕ ಲಿಪಿಕಾರ. ಬರೆದದ್ದನ್ನು ಹಿಂತಿರುಗಿ ನೋಡಿ ತಿದ್ದುವ ಅಭ್ಯಾಸ ಅದಕ್ಕಿಲ್ಲ. ಚಿಕಿತ್ಸೆಯಿಲ್ಲದ ಒಬ್ಬ ರೋಗಿಯ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ವೈರಸ್‌ಗಳು ಹುಟ್ಟುತ್ತವೆಂದು 1990ರ ದಶಕದ ನಡುವೆ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಷ್ಟು ನಕಲುಗಳಲ್ಲಿ ಎಷ್ಟು ಪಾಠಾಂತರಗಳಿದ್ದಾವು, ನೀವೇ ಊಹಿಸಿ. ಬಹುಪಾಲು ಪಾಠಾಂತರಗಳು ಕೆಲಸಕ್ಕೆ ಬಾರದವು. ಆದರೆ ಯಾವುದೋ ಒಂದು, ಆಕಸ್ಮಿಕವಾಗಿ, ನಾವು ಕೊಡುತ್ತಿರುವ ಔಷಧಕ್ಕೆ ಬಗ್ಗದಂಥದು ಆಗಿಬಿಡಬಹುದು.

ಔಷಧಗಳು ಈ ಬರವಣಿಗೆಯನ್ನು ಬೇರೆಬೇರೆ ಕಡೆ ತಡೆಯುತ್ತವೆ. ಟೆನೊಫೊವಿರ್, ಲ್ಯಾಮಿವುಡಿನ್, ಜಿಡೊವುಡಿನ್ ಮೊದಲಾದವು ಸುಳ್ಳು ಅಕ್ಷರಗಳು. ಲಿಪಿಕಾರ ಅವನ್ನು ನಿಜವೆಂದು ನಂಬಿ ಬರೆದುಬಿಟ್ಟರೆ ಮುಂದಿನ ಅಕ್ಷರವನ್ನು ಅದಕ್ಕೆ ಜೋಡಿಸಲು ಬರುವುದಿಲ್ಲ, ಸಾಲು ಅಲ್ಲಿಗೆ ನಿಲ್ಲುತ್ತದೆ. ನೆವಿರಾಪಿನ್, ಎಫಾವಿರೆಂಜ್ ಎಂಬವು ಲಿಪಿಕಾರನ ಕೈಯನ್ನೇ ಬಿಗಿಹಿಡಿಯುತ್ತವೆ. ಈಚಿನ ಡೊಲುಟೆಗ್ರಾವಿರ್, ನಕಲಾದ ಗರಿಯನ್ನು ನಮ್ಮ ಜೀವಕಣದ ಮೂಲಗ್ರಂಥದ ಕಟ್ಟಿನೊಳಗೆ ಪೋಣಿಸದಂತೆ ತಡೆಯುತ್ತದೆ. ಒಂದೇ ಔಷಧವಾದರೆ ವೈರಸ್ ಅದನ್ನು ಬೇಗ ದಾಟಿಬಿಡುತ್ತದೆ. 1987ರಲ್ಲಿ ಬಂದ ಜಿಡೊವುಡಿನ್‌ನ ಗತಿ ಹಾಗೆಯೇ ಆಯಿತು. ಮೂರನ್ನು ಕೂಡಿಸಿ ಕೊಟ್ಟರೆ ಒಂದೇ ನಕಲಿನಲ್ಲಿ ಮೂರಕ್ಕೂ ಬಗ್ಗದ ತಪ್ಪುಗಳು ಒಟ್ಟಿಗೆ ಬೀಳುವುದು ಅತಿ ದುರ್ಲಭ. 1996ರಿಂದ ಈಚೆಗೆ ಜನ ಬದುಕಿದ್ದು ಈ ತತ್ತ್ವದಿಂದ. ಇದಕ್ಕೊಂದು ಷರತ್ತುಂಟು: ಮೂರೂ ಔಷಧಗಳು ಸಾಕಷ್ಟು ಪ್ರಮಾಣದಲ್ಲಿ ದಿನವೂ ರಕ್ತದಲ್ಲಿರಬೇಕು. ಔಷಧ ಅರ್ಧಂಬರ್ಧ ಇದ್ದಾಗ ಬರವಣಿಗೆ ಮತ್ತೆ ಆರಂಭವಾಗುತ್ತದೆ, ಬಗ್ಗದ ಪಾಠವೇ ಆರಿಸಿಕೊಂಡಂತೆ ಉಳಿಯುತ್ತದೆ. ಪೂರ್ತಿ ಔಷಧವೂ ಇಲ್ಲದ, ಪೂರ್ತಿ ನಿಲ್ಲಿಸಿಯೂ ಇಲ್ಲದ ಈ ನಡುವಣ ಸ್ಥಿತಿಯಷ್ಟು ವೈರಸ್ಸಿಗೆ ಅನುಕೂಲವಾದದ್ದು ಬೇರೊಂದಿಲ್ಲ.

ನಮ್ಮ ದೇಶದಲ್ಲಿ ಸರ್ಕಾರ ಈ ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಮೊದಲು. ಕರ್ನಾಟಕ ಅವುಗಳಲ್ಲಿ ಒಂದು. ಅದಕ್ಕೆ ಮೂರು ವರ್ಷ ಮುಂಚೆ, 2001ರಲ್ಲಿ, ಮುಂಬಯಿಯ ಸಿಪ್ಲಾ ಕಂಪನಿ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಮುಂದೆ ಬಂದು ಜಗತ್ತನ್ನು ಬೆರಗುಗೊಳಿಸಿತ್ತು. ಪಶ್ಚಿಮ ದೇಶಗಳಲ್ಲಿ ಅದರ ಬೆಲೆ ಹತ್ತು ಸಾವಿರ ಡಾಲರ್ ಮೀರಿತ್ತು. ಆ ಅಗ್ಗದ ಮಾತ್ರೆಯಲ್ಲಿದ್ದ ಸ್ಟಾವುಡಿನ್ ಲಕ್ಷಾಂತರ ಜೀವಗಳನ್ನು ಉಳಿಸಿತು. ಜೊತೆಗೆ ಪಾದಗಳಲ್ಲಿ ಉರಿ ತಂದಿತು, ಕೆನ್ನೆಯ ಕೊಬ್ಬನ್ನು ಕರಗಿಸಿ ಮುಖವನ್ನು ಗುಳಿಬೀಳಿಸಿತು. ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಬಾಳುತ್ತಿದ್ದವರ ಮುಖವೇ ಗುಟ್ಟನ್ನು ಬಿಟ್ಟುಕೊಡತೊಡಗಿದರೆ ಅವರ ಪಾಡೇನು? 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕ್ರಮೇಣ ಕೈಬಿಡಬೇಕೆಂದು ಹೇಳಿತು. ಜಿಡೊವುಡಿನ್ ಹೊಂದಿದವರಿಗೆ ಅದು, ರಕ್ತಹೀನತೆ ಬಂದವರಿಗೆ ಟೆನೊಫೊವಿರ್. ನೆವಿರಾಪಿನ್‌ನಿಂದ ಮೈಮೇಲೆ ದದ್ದು ಎದ್ದವರಿಗೆ ಎಫಾವಿರೆಂಜ್. ಆಮೇಲೆ, 2020ರ ಈಚೆಗೆ, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ. ಹೀಗಾಗಿ 2004ರ ಸುಮಾರಿನಲ್ಲಿ ಚಿಕಿತ್ಸೆ ಆರಂಭಿಸಿ ಇಂದಿಗೂ ಆರೋಗ್ಯವಾಗಿರುವ ಒಬ್ಬಾಕೆ ಮೂರು ನಾಲ್ಕು ಬಾರಿ ಮಾತ್ರೆ ಬದಲಿಸಿಕೊಂಡಿರುವುದು ವಿಶೇಷವೇನಲ್ಲ. ಪ್ರತಿ ಸಲವೂ ಡಬ್ಬದ ಬಣ್ಣ ಬದಲಾದಾಗ ಆಕೆಯ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಒಂದೇ: ನನ್ನ ಕಾಯಿಲೆ ಕೈಮೀರಿತೇ?

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಬದಲಾವಣೆಯಲ್ಲಿ ಎರಡು ಜಾತಿಯಿದೆಯೆಂಬುದನ್ನು ತಿಳಿದಿರಬೇಕು. ವೈರಸ್ ಪೂರ್ತಿ ಅಡಗಿದೆ, ಆದರೆ ಔಷಧ ಮೈಗೆ ಒಗ್ಗುತ್ತಿಲ್ಲ, ಅಥವಾ ಅದಕ್ಕಿಂತ ಒಳ್ಳೆಯದೊಂದು ಬಂದಿದೆ. ಆಗ ಮಾಡುವ ಬದಲಾವಣೆ ಒಂದು. ಇದು ಸೋಲಲ್ಲ. ಸುಸ್ಥಿತಿಯಲ್ಲಿರುವ ಮನೆಗೆ ಹೆಂಚು ಬದಲಿಸಿದಂತೆ. ಇನ್ನೊಂದು, ವೈರಸ್ ಔಷಧವನ್ನು ದಾಟಿ ಮತ್ತೆ ಬೆಳೆಯುತ್ತಿರುವಾಗ ಮಾಡುವಂಥದು. ಅದನ್ನು ಎರಡನೆಯ ಹಂತದ ಚಿಕಿತ್ಸೆ ಎನ್ನುತ್ತಾರೆ. ಎರಡನ್ನೂ ನಾವು ‘ಮಾತ್ರೆ ಚೇಂಜ್’ ಎಂಬ ಒಂದೇ ಮಾತಿನಿಂದ ಕರೆಯುವುದರಿಂದ ಎಷ್ಟೋ ಅನರ್ಥ ಹುಟ್ಟಿದೆ. ಯಾವ ಜಾತಿಯ ಬದಲಾವಣೆ ಎಂಬುದನ್ನು ರೋಗಿ ಮೊದಲ ಪ್ರಶ್ನೆಯಾಗಿಯೇ ಕೇಳಬೇಕು. ಕೇಳದಿದ್ದರೆ ವೈದ್ಯನೇ ಹೇಳಬೇಕು.

ಇದನ್ನು ತೀರ್ಮಾನಿಸುವುದು ವೈರಲ್ ಲೋಡ್ ಎಂಬ ರಕ್ತಪರೀಕ್ಷೆ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಎಷ್ಟು ನಕಲುಗಳಿವೆ ಎಂಬ ಲೆಕ್ಕ ಅದು. ಲೆಕ್ಕ ಸಾವಿರ ಮುಟ್ಟಿದರೆ ಕೂಡಲೇ ಔಷಧ ಸೋತಿತೆಂದು ಬಗೆಯುವುದಿಲ್ಲ. ಸುಮಾರು ಮೂರು ತಿಂಗಳು ರೋಗಿಯೊಡನೆ ಕುಳಿತು, ಮಾತ್ರೆ ಎಲ್ಲಿ ತಪ್ಪುತ್ತಿದೆ, ಏಕೆ ತಪ್ಪುತ್ತಿದೆ ಎಂದು ಮಾತನಾಡಿ, ಸರಿಪಡಿಸಿ, ಮತ್ತೆ ಪರೀಕ್ಷಿಸುತ್ತಾರೆ. ಯಂತ್ರ ಕೊಡುವುದು ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆ ಏರಿದ್ದು ಔಷಧ ಸೋತದ್ದರಿಂದಲೋ, ಔಷಧ ಹೊಟ್ಟೆಗೇ ಹೋಗದಿದ್ದುದರಿಂದಲೋ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಗೊತ್ತಿರುವವರು ಒಬ್ಬರೇ.

ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಹೂವಾಡಗಿತ್ತಿಯ ಸಂಗತಿ ಹೇಳುತ್ತೇನೆ. ಎಫಾವಿರೆಂಜ್ ಸೇರಿದ ಮಾತ್ರೆ, ರಾತ್ರಿ ಮಲಗುವಾಗ ಒಂದು. ವರ್ಷಗಟ್ಟಲೆ ಚೆನ್ನಾಗಿದ್ದಾಕೆಯ ವೈರಲ್ ಲೋಡ್ ಒಂದು ಸಲ ಸಾವಿರಗಳಲ್ಲಿ ಬಂತು. ದಿನಾ ತಗೊಳ್ತೀರೇನಮ್ಮಾ ಎಂದು ಯಾರು ಕೇಳಿದರೂ ‘ಹೂಂ ಸಾರ್’ ಎಂಬ ಒಂದೇ ಉತ್ತರ. ಆ ಪ್ರಶ್ನೆಗೆ ಬೇರೆ ಉತ್ತರ ಯಾರು ಕೊಟ್ಟಾರು? ಅದು ಪ್ರಶ್ನೆಯ ಉಡುಗೆ ತೊಟ್ಟ ಗದರಿಕೆ. ನಮ್ಮ ಆಪ್ತಸಮಾಲೋಚಕಿ ಬೇರೆ ದಾರಿ ಹಿಡಿದರು. ನಿಮ್ಮ ದಿನ ಹೇಗೆ ಶುರುವಾಗುತ್ತದೆ ಹೇಳಿ ಎಂದರು. ಆಗ ಕತೆ ಹೊರಬಿತ್ತು: ವಾರಕ್ಕೆ ಮೂರು ದಿನ ನಸುಕಿನ ಮೂರು ಗಂಟೆಗೆ ಹೂವಿನ ಮಾರುಕಟ್ಟೆಗೆ ಹೋಗಬೇಕು. ‘ರಾತ್ರಿ ಗುಳಿಗೆ ನುಂಗಿದ್ರೆ ಆ ಹೊತ್ತಿಗೆ ತಲೆ ಗಿರ್ ಅನ್ನುತ್ತಮ್ಮಾ. ಹೂವಿನ ಮೂಟೆ ಹೊತ್ತು ಮೆಟ್ಲು ಇಳೀಬೇಕು. ಮಾರ್ಕೆಟ್ಟಿನ ದಿನ ಬಿಟ್ಟುಬಿಡ್ತಿದ್ದೆ. ಡಾಕ್ಟ್ರಿಗೆ ಹೇಳಿದ್ರೆ ಬೈತಾರೆ.’

ಎಫಾವಿರೆಂಜ್ ತಲೆ ತಿರುಗಿಸುವುದು, ವಿಚಿತ್ರ ಕನಸುಗಳನ್ನು ತರುವುದು, ಕೆಲವರಲ್ಲಿ ಮನಸ್ಸನ್ನು ಕುಗ್ಗಿಸುವುದು ಎಲ್ಲ ವೈದ್ಯರಿಗೂ ತಿಳಿದದ್ದೇ. ಬಹಳ ಜನಕ್ಕೆ ಕೆಲವು ವಾರಗಳಲ್ಲಿ ಇದು ಕಳೆಯುತ್ತದೆ. ಆದರೆ ಕೆಲವರ ಯಕೃತ್ತು ಹುಟ್ಟಿನಿಂದಲೇ ಈ ಔಷಧವನ್ನು ನಿಧಾನವಾಗಿ ಕರಗಿಸುತ್ತದೆ. ಅಂಥವರು ನಮ್ಮ ದೇಶದಲ್ಲಿ ಕಡಮೆಯೇನಿಲ್ಲ. ಅವರ ರಕ್ತದಲ್ಲಿ ಔಷಧ ಹೆಚ್ಚು ಶೇಖರವಾಗುತ್ತದೆ, ತಲೆ ತಿರುಗುವುದು ವರ್ಷಗಟ್ಟಲೆ ಉಳಿಯುತ್ತದೆ. ಇದು ಮನಸ್ಸಿನ ದೌರ್ಬಲ್ಯವಲ್ಲ, ಸೋಮಾರಿತನವಲ್ಲ. ಆಕೆ ಬಾಯಿ ಬಿಟ್ಟಿದ್ದರಿಂದ ಆದದ್ದಿಷ್ಟು: ಮಾತ್ರೆಯ ಹೊತ್ತನ್ನು ಸಂಜೆ ಏಳಕ್ಕೆ ತಂದೆವು. ಜಿಡ್ಡಿನ ಊಟದ ಜೊತೆ ಬೇಡವೆಂದೆವು, ಏಕೆಂದರೆ ಎಣ್ಣೆ ತುಪ್ಪದೊಂದಿಗೆ ಆ ಔಷಧ ಇನ್ನಷ್ಟು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಮೂರು ತಿಂಗಳ ಬಳಿಕ ವೈರಸ್ ಮತ್ತೆ ಅಡಗಿತ್ತು. ಅನಂತರ ಹೊಸ ಮಾತ್ರೆಗೆ ಬದಲಿಸಿದೆವು. ಅದನ್ನು ಹಗಲಿನಲ್ಲೇ ನುಂಗಬಹುದು. ಆಕೆ ಸುಮ್ಮನಿದ್ದಿದ್ದರೆ ಔಷಧವೇ ಸೋತಿತೆಂಬ ತೀರ್ಮಾನವಾಗಿ ಎರಡನೆಯ ಹಂತಕ್ಕೆ ಹೋಗುತ್ತಿದ್ದಳು. ಅಥವಾ ಅದಕ್ಕೆ ಮೊದಲೇ ಔಷಧ ನಿಜವಾಗಿಯೂ ಸೋತುಬಿಡುತ್ತಿತ್ತು. ಎಫಾವಿರೆಂಜ್ ಸೋಲಲು ವೈರಸ್ಸಿನ ಕಿಣ್ವದ 103ನೆಯ ಸ್ಥಾನದಲ್ಲಿ ಒಂದೇ ಒಂದು ಪಾಠಾಂತರ ಸಾಕು. ಆ ಒಂದೇ ತಪ್ಪು ನೆವಿರಾಪಿನ್ ಔಷಧವನ್ನೂ ವ್ಯರ್ಥ ಮಾಡುತ್ತದೆ.

ಒಗ್ಗದ ಮಾತ್ರೆಯನ್ನು ತಾವಾಗಿ ನಿಲ್ಲಿಸಿ, ಮುಂದಿನ ಭೇಟಿಯಲ್ಲಿ ಹೇಳಿದರಾಯಿತೆಂದು ಸುಮ್ಮನಾಗುವವರೂ ಇದ್ದಾರೆ. ಇದರಲ್ಲಿ ಎರಡು ಅಪಾಯಗಳಿವೆ, ಎರಡೂ ಕಣ್ಣಿಗೆ ಕಾಣದವು. ಮೂರು ಔಷಧಗಳನ್ನು ಒಂದೇ ದಿನ ನಿಲ್ಲಿಸಿದರೂ ಅವು ಒಂದೇ ದಿನ ದೇಹವನ್ನು ಬಿಟ್ಟು ಹೋಗುವುದಿಲ್ಲ. ಉಳಿದೆರಡು ಬೇಗ ತೊಲಗಿದರೆ ಎಫಾವಿರೆಂಜ್ ವಾರ, ಕೆಲವರಲ್ಲಿ ಅದಕ್ಕೂ ಮೀರಿ, ರಕ್ತದಲ್ಲಿ ಎಳೆಯಾಗಿ ಉಳಿದಿರುತ್ತದೆ. ಅಷ್ಟು ದಿನ ವೈರಸ್ ಎದುರಿಸುವುದು ಒಂದೇ ಔಷಧವನ್ನು. ಒಂಟಿ ಔಷಧದ ಗತಿಯೇನೆಂದು ಆಗಲೇ ಹೇಳಿದೆ. ಇನ್ನೊಂದು ಅಪಾಯ ಯಕೃತ್ತಿನದು. ಎಚ್.ಐ.ವಿ. ಇರುವ ಕೆಲವರಿಗೆ ಹೆಪಟೈಟಿಸ್ ಬಿ ಎಂಬ ಕಾಮಾಲೆಯ ವೈರಸ್ಸೂ ಇರುತ್ತದೆ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಅದನ್ನು ಕೂಡ ಅದುಮಿ ಹಿಡಿದಿರುತ್ತವೆ. ಥಟ್ಟನೆ ನಿಲ್ಲಿಸಿದರೆ ಅದು ಭುಗಿಲೆದ್ದು ಪ್ರಾಣಕ್ಕೇ ಸಂಚಕಾರ ತರಬಹುದು. ಆದ್ದರಿಂದ ಈ ಸೋಂಕು ಇರುವವರಿಗೆ ವೈದ್ಯರು ಬೇರೆ ಏನನ್ನು ಬದಲಿಸಿದರೂ ಟೆನೊಫೊವಿರನ್ನು ಸುಲಭವಾಗಿ ಕೈಬಿಡುವುದಿಲ್ಲ. ನನಗೆ ಆ ಪರೀಕ್ಷೆ ಆಗಿದೆಯೇ ಎಂದು ಕೇಳುವ ಹಕ್ಕು ಪ್ರತಿ ರೋಗಿಗೂ ಇದೆ. ಕೇಳಿದ್ದಕ್ಕೆ ಸಿಡುಕುವ ವೈದ್ಯರಿದ್ದರೆ ಸಿಡುಕಲಿ.

ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು ಒಟ್ಟಿಗೆ ಬಂದರೆ ಮಾತ್ರ ಮುಂದಿನ ಭೇಟಿಯವರೆಗೆ ಕಾಯುವಂತಿಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಬಕಾವಿರ್ ಎಂಬ ಔಷಧದ ವಿಚಾರದಲ್ಲಂತೂ ಒಗ್ಗದೆ ನಿಲ್ಲಿಸಿದ ಮೇಲೆ ‘ಇನ್ನೊಮ್ಮೆ ನೋಡೋಣ’ ಎಂಬ ಮಾತೇ ಇಲ್ಲ. ಎರಡನೆಯ ಸಲ ಅದು ಜೀವ ತೆಗೆಯಬಲ್ಲುದು.

ಇನ್ನು ಬೇರೆ ವೈದ್ಯರು ಕೊಟ್ಟ ಔಷಧಗಳು. ನಮ್ಮ ಕಡೆ ಈ ಕಾಯಿಲೆಯವರು ಎರಡು ಬದುಕು ಬಾಳುತ್ತಾರೆ: ಎ.ಆರ್.ಟಿ. ಕೇಂದ್ರದಲ್ಲಿ ಒಂದು ಪುಸ್ತಕ, ಊರಿನ ಡಾಕ್ಟರ ಬಳಿ ಇನ್ನೊಂದು ಚೀಟಿ. ಅಲ್ಲಿ ಇದನ್ನು ಹೇಳುವುದಿಲ್ಲ, ಇಲ್ಲಿ ಅದನ್ನು ಹೇಳುವುದಿಲ್ಲ. ಹೊಸ ಮಾತ್ರೆ ಬಂದ ಮೇಲೆ ಈ ಮೌನ ಹೆಚ್ಚು ದುಬಾರಿಯಾಯಿತು. ಡೊಲುಟೆಗ್ರಾವಿರ್ ಒಳ್ಳೆಯ ಔಷಧ. ಅದರೆದುರು ವೈರಸ್ಸಿಗೆ ಪಾಠಾಂತರ ಹುಡುಕುವುದು ಕಷ್ಟ. ಆದರೆ ಕಬ್ಬಿಣ, ಸುಣ್ಣ, ಅಲ್ಯುಮಿನಿಯಂ, ಮೆಗ್ನೀಸಿಯಂಗಳನ್ನು ಕಂಡರೆ ಹೊಟ್ಟೆಯಲ್ಲೇ ಅವುಗಳಿಗೆ ಅಂಟಿಕೊಂಡು, ರಕ್ತಕ್ಕೆ ಇಳಿಯದೆ ಹೊರಟುಹೋಗುತ್ತದೆ. ಎದೆಯುರಿಗೆ ನಾವು ಅಂಗಡಿಯಲ್ಲಿ ಕೊಂಡು ಕುಡಿಯುವ ಬಿಳಿಯ ಔಷಧದಲ್ಲಿರುವುದು ಅಲ್ಯುಮಿನಿಯಂ, ಮೆಗ್ನೀಸಿಯಂಗಳೇ. ಬಸುರಿಯರಿಗೆ ಮನೆಬಾಗಿಲಿಗೆ ತಂದುಕೊಡುವ ಮಾತ್ರೆಯಲ್ಲಿರುವುದು ಕಬ್ಬಿಣ. ಎದೆಯುರಿಯ ಔಷಧಕ್ಕೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಬಳಿಕ ಈ ಮಾತ್ರೆ ನುಂಗಬೇಕು. ಕಬ್ಬಿಣ, ಸುಣ್ಣದ ಮಾತ್ರೆಗಳಾದರೆ ಊಟದೊಂದಿಗೆ ಎರಡನ್ನೂ ಕೂಡಿಸಿ ನುಂಗಬಹುದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರನ್ನು ಬೇಗ ಕರಗಿಸಿಬಿಡುವುದರಿಂದ ಹನ್ನೆರಡು ಗಂಟೆಗೊಮ್ಮೆ, ದಿನಕ್ಕೆ ಎರಡು ಸಲ ಅದನ್ನು ಕೊಡಬೇಕಾಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇದರ ಜೊತೆಗೆ ರಕ್ತದಲ್ಲಿ ಏರುತ್ತದೆ. ದಿನಕ್ಕೆ ಸಾವಿರ ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತಾರೆ. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್‌ಗಳೂ ಹೇಳಿಯೇ ತೀರಬೇಕಾದವು. ಹೆಸರು ನೆನಪಿರದಿದ್ದರೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಪಂಡಿತರು ಕೊಟ್ಟ ಚೂರ್ಣವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬಂದು ಮೇಜಿನ ಮೇಲೆ ಸುರಿದರಾಯಿತು. ನನಗಂತೂ ಉದ್ದದ ಪ್ರಶ್ನೋತ್ತರಕ್ಕಿಂತ ಈ ಚೀಲವೇ ಹೆಚ್ಚು ಪ್ರಯೋಜನಕ್ಕೆ ಬಂದಿದೆ.

ಗುಟ್ಟು ಹೊರಬಿದ್ದೀತೆಂಬ ಅಂಜಿಕೆ ಸುಳ್ಳಿನದಲ್ಲ. ಆದರೆ 2017ರಲ್ಲಿ ಸಂಸತ್ತು ಎಚ್.ಐ.ವಿ. ಮತ್ತು ಏಡ್ಸ್ ಕುರಿತ ಕಾಯಿದೆಯನ್ನು ಮಾಡಿತು. 2018ರ ಸೆಪ್ಟೆಂಬರಿನಿಂದ ಅದು ಜಾರಿಗೆ ಬಂತು. ಚಿಕಿತ್ಸೆಯಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸುತ್ತದೆ. ಕಾಯಿದೆ ಹೇಳಿದ ಕೆಲವು ಸಂದರ್ಭಗಳ ಹೊರತು ರೋಗಿಯ ಒಪ್ಪಿಗೆಯಿಲ್ಲದೆ ಅವನ ಸ್ಥಿತಿಯನ್ನು ಬಯಲು ಮಾಡುವಂತಿಲ್ಲ. ಕಾಯಿದೆಯೊಂದರಿಂದಲೇ ಊರಿನ ಬಾಯಿ ಮುಚ್ಚೀತೆಂದು ನಾನು ನಂಬುವುದಿಲ್ಲ. ಆದರೂ ಕೈಯಲ್ಲೊಂದು ಆಧಾರವಿದೆ.

ವೈದ್ಯನ ಕಡೆಯ ಮೌನಕ್ಕೂ ಒಂದು ಉದಾಹರಣೆ ಕೊಡದಿದ್ದರೆ ಪಕ್ಷಪಾತವಾದೀತು. ಎರಡನೆಯ ಹಂತದಲ್ಲಿ ಕೊಡುವ ಅಟಜನಾವಿರ್ ಎಂಬ ಔಷಧ ಕೆಲವರ ಕಣ್ಣನ್ನು ಹಳದಿಯಾಗಿಸುತ್ತದೆ. ಯಕೃತ್ತಿಗೆ ಧಕ್ಕೆಯಾಗಿ ಬರುವ ಹಳದಿಯಲ್ಲ ಅದು. ಪಿತ್ತದ ಬಣ್ಣ ಹೊರಹೋಗುವ ದಾರಿಯೊಂದನ್ನು ಔಷಧ ಕಟ್ಟುವುದರಿಂದ ಬರುವ, ಸಾಮಾನ್ಯವಾಗಿ ನಿರಪಾಯವಾದ ಬಣ್ಣ. ಇದನ್ನು ಮೊದಲೇ ಒಂದು ವಾಕ್ಯದಲ್ಲಿ ಹೇಳದಿದ್ದರೆ ಏನಾಗುತ್ತದೆ? ಕನ್ನಡಿ ನೋಡಿಕೊಂಡವನು ಕಾಮಾಲೆಯೆಂದು ಹೆದರಿ ನಾಟಿ ಔಷಧಿಗೆ ಓಡುತ್ತಾನೆ. ಪಥ್ಯ ಹಿಡಿಯುತ್ತಾನೆ, ಮಾತ್ರೆ ಬಿಡುತ್ತಾನೆ. ಒಂದು ವಾಕ್ಯದ ಜಿಪುಣತನ ಎರಡನೆಯ ಹಂತವನ್ನೂ ಹಾಳುಮಾಡುತ್ತದೆ.

ಬದಲಾವಣೆಯನ್ನು ಯಾರು ತೀರ್ಮಾನಿಸಬೇಕೆಂಬ ಪ್ರಶ್ನೆ ಒಮ್ಮೆ ಜಗತ್ತಿನ ಮಟ್ಟದಲ್ಲಿಯೇ ಎದ್ದಿತು. 2018ರ ಮೇ ತಿಂಗಳಲ್ಲಿ ಆಫ್ರಿಕದ ಬೋಟ್ಸ್ವಾನಾ ದೇಶದಿಂದ ಒಂದು ವರದಿ ಬಂತು: ಗರ್ಭ ನಿಲ್ಲುವ ಹೊತ್ತಿಗೆ ಡೊಲುಟೆಗ್ರಾವಿರ್ ಸೇವಿಸುತ್ತಿದ್ದ 426 ಮಹಿಳೆಯರಲ್ಲಿ ನಾಲ್ವರ ಶಿಶುಗಳಿಗೆ ನರನಾಳದ ದೋಷವಿತ್ತು. ನಿರೀಕ್ಷೆಗಿಂತ ಅದು ಹೆಚ್ಚು. ಹಲವು ದೇಶಗಳು ಹೆದರಿ, ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಈ ಮಾತ್ರೆಯನ್ನು ತಡೆಹಿಡಿದವು. ಗಂಡಸರಿಗೆ ಹೊಸ ಮಾತ್ರೆ, ಹೆಂಗಸರಿಗೆ ತಲೆ ತಿರುಗಿಸುವ ಹಳೆಯದು. ಅದೇ ಜುಲೈನಲ್ಲಿ ರುವಾಂಡಾ ದೇಶದ ಕಿಗಾಲಿಯಲ್ಲಿ ಆಫ್ರಿಕದ 18 ದೇಶಗಳ 39 ಮಹಿಳೆಯರು, ಎಲ್ಲರೂ ಸೋಂಕಿತರು, ಸಭೆ ಸೇರಿದರು. ಅಪಾಯವನ್ನು ಅವರು ಅಲ್ಲಗಳೆಯಲಿಲ್ಲ. ವಿಷಯವನ್ನು ನಮಗೆ ತಿಳಿಸಿ, ಗರ್ಭನಿರೋಧಕಗಳನ್ನು ಒದಗಿಸಿ, ಆಯ್ಕೆಯನ್ನು ನಮಗೆ ಬಿಡಿ ಎಂಬುದು ಅವರ ವಾದದ ತಿರುಳು. ಮುಂದಿನ ವರ್ಷಗಳಲ್ಲಿ ಲೆಕ್ಕಕ್ಕೆ ಸಾವಿರಾರು ಗರ್ಭಗಳು ಸೇರಿದಂತೆ ಆ ಹೆಚ್ಚಳ ಕರಗಿಹೋಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಈ ಔಷಧವನ್ನೇ ಶಿಫಾರಸು ಮಾಡಿತು. ಲೆಕ್ಕ ಬೇರೆಯಾಗಿ ಬಂದಿದ್ದರೂ ಆ ಮಹಿಳೆಯರ ವಾದ ಸರಿಯೇ ಎಂದು ನನ್ನ ಅಭಿಪ್ರಾಯ. ವೈದ್ಯನನ್ನು ನಾರಾಯಣನೆಂದು ಕರೆದ ನಮ್ಮ ಪರಂಪರೆಗೆ ಈ ವಾದ ಒಗ್ಗಲು ಕಾಲ ಬೇಕಾದೀತು.

ಬದಲಿಸುವುದೇ ಬೇಡವೆನ್ನುವವರನ್ನೂ ನೋಡಿದ್ದೇನೆ. ಒಬ್ಬ ಲಾರಿ ಚಾಲಕ. ಹನ್ನೆರಡು ವರ್ಷ ಜಿಡೊವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ಸೇರಿದ ಮಾತ್ರೆಯನ್ನು ಬೆಳಗ್ಗೆ ಒಂದು, ರಾತ್ರಿ ಒಂದು ನುಂಗಿಕೊಂಡು ಗಟ್ಟಿಮುಟ್ಟಾಗಿದ್ದ. ಹೊಸದು ಕೊಡುತ್ತೇವೆಂದಾಗ, ‘ಸರಿಯಾಗಿ ಓಡ್ತಿರೋ ಇಂಜಿನ್ನು ಯಾಕ್ ಸಾರ್ ಬಿಚ್ತೀರಿ?’ ಎಂದ. ನ್ಯಾಯವಾದ ಪ್ರಶ್ನೆ. ಜಿಡೊವುಡಿನ್ ದೀರ್ಘಕಾಲದಲ್ಲಿ ರಕ್ತವನ್ನು ತೆಳುಗೊಳಿಸುತ್ತದೆಂದೂ, ನೆವಿರಾಪಿನ್ ಕೆಲವು ದಿನ ತಪ್ಪಿದರೆ ಕೈಕೊಡುವಂಥದೆಂದೂ, ಆಂಧ್ರ ಮಹಾರಾಷ್ಟ್ರ ತಿರುಗುವವನಿಗೆ ದಿನಕ್ಕೆ ಒಂದೇ ಮಾತ್ರೆ ಲೇಸೆಂದೂ ವಿವರಿಸಿದೆ. ವೈರಲ್ ಲೋಡ್, ಮೂತ್ರಪಿಂಡದ ಪರೀಕ್ಷೆ, ಹೆಪಟೈಟಿಸ್ ಬಿ ಎಲ್ಲವನ್ನೂ ಮೊದಲು ನೋಡಿದೆವು. ಹೊಸ ಮಾತ್ರೆಯ ಬಳಿಕ ಮೂತ್ರಪಿಂಡದ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಏರಿ ಅಲ್ಲೇ ನಿಂತರೆ ಗಾಬರಿ ಬೇಡ, ಡೊಲುಟೆಗ್ರಾವಿರ್ ಅದನ್ನು ಹಾಗೆ ಕಾಣಿಸುವಂತೆ ಮಾಡುತ್ತದೆ, ಆದರೂ ತೋರಿಸು ಎಂದು ಹೇಳಿದೆ. ಮೈತೂಕ ಏರಬಹುದೆಂದೂ ಹೇಳಿದೆ, ಅದಕ್ಕೆ ನಕ್ಕ. ಕೊನೆಗೆ ಅವನು ಕೇಳಿದ್ದು ನನಗೆ ಹೊಳೆಯದೇ ಇದ್ದ ಪ್ರಶ್ನೆಯೊಂದನ್ನು: ಲಾರಿಯ ಕ್ಯಾಬಿನ್ನಿನಲ್ಲಿ ಉಳಿದಿರುವ ಹಳೆಯ ಡಬ್ಬವನ್ನು ಮುಗಿಸಿ ಆಮೇಲೆ ಹೊಸದನ್ನು ಶುರು ಮಾಡಲೇ, ಎರಡನ್ನೂ ಕೂಡಿಸಿ ನುಂಗಲೇ? ಕೂಡಿಸಬೇಡ, ಹಳೆಯದನ್ನು ಕೇಂದ್ರಕ್ಕೆ ತಂದು ಒಪ್ಪಿಸು, ನಾಳೆಯಿಂದ ಹೊಸದು ಎಂದೆ. ರಾತ್ರಿ ಊಟವಾದ ಮೇಲೆ ನುಂಗುವುದೆಂದು ಅವನೇ ಗೊತ್ತುಮಾಡಿಕೊಂಡ.

ತಿಂಗಳಾದ ಮೇಲೆ ಬಂದ. ಹಳೆಯ ಡಬ್ಬ ಕೈಯಲ್ಲಿತ್ತು. ಎಲ್ಲ ಸರಿ, ಆದರೆ ರಾತ್ರಿ ಕಣ್ಣು ಮುಚ್ಚುತ್ತಿಲ್ಲ, ನಿದ್ದೆಗೆಟ್ಟು ಗಾಡಿ ಓಡಿಸಲಾರೆ ಎಂದ. ಈ ಮಾತ್ರೆ ಕೆಲವರ ನಿದ್ದೆ ಕೆಡಿಸುವುದುಂಟು. ನುಂಗುವ ಹೊತ್ತನ್ನು ಬೆಳಗಿನ ತಿಂಡಿಗೆ ಸರಿಸಿ, ಎರಡು ವಾರ ಬಿಟ್ಟು ಫೋನ್ ಮಾಡಬೇಕೆಂದು ಪುಸ್ತಕದಲ್ಲಿ ಬರೆದುಕೊಟ್ಟೆ.